ಮೊದಲು ಶುರು ಮಾಡಿದ್ದು ಯಾರು?

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಹಾಕಿದ ಫಾರ್ವರ್ಡ್ ಇದು: "1914ರಲ್ಲಿ ಒಬ್ಬ ಹುಡುಗ ಸ್ಯಾಂಡ್‌ವಿಚ್ ತಿನ್ನಲು ಅಂಗಡಿಗೆ ಹೋದ. ಎದುರಿಗೇ ರಾಜಕುಮಾರನ ಕಾರು ಬಂದು ನಿಂತಿತು. ಗುಂಡು ಹಾರಿಸಿದ. ಮೊದಲ ಮಹಾಯುದ್ಧ ಶುರು! ಹೊರಗಿನ ತಿಂಡಿ ಬಿಡಿ, ಮನೆ ಊಟ ಮಾಡಿ."

ಮೇಲೆ ನೋಡಿದರೆ ಇತಿಹಾಸ. ಒಳಗೆ, ವಾರಕ್ಕೆ ನಾಲ್ಕು ದಿನ ಆನ್‌ಲೈನ್‌ನಲ್ಲಿ ಬಿರಿಯಾನಿ ತರಿಸುವ ಸೊಸೆಗೆ ಬಿಟ್ಟ ಬಾಣ. ಸೊಸೆ ನೋಡಿದಳು, ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ.

ದೊಡ್ಡಪ್ಪ ಎರಡೇ ನಿಮಿಷಕ್ಕೆ ಬಂದರು. "ಸತ್ಯವಾದ ಮಾತು. ನಾಲಿಗೆ ಚಪಲ ಎಲ್ಲಿಗೆ ಒಯ್ಯುತ್ತದೆ ನೋಡಿ."

ಅವರ ಮಗಳು ಮೇಘಾ: "ಚಿಕ್ಕಪ್ಪ, ಇದಕ್ಕೆ ಆಧಾರ ಏನು?"

ದೊಡ್ಡಪ್ಪ: "ಹಿರಿಯರು ಹಾಕಿದ್ದಕ್ಕೆಲ್ಲ ಆಧಾರ ಕೇಳಬಾರದು."

ಮೇಘಾ ಕೇಳುವವಳಲ್ಲ. ಉದ್ದಕ್ಕೆ ಬರೆದಳು. "ಹುಡುಗನ ಹೆಸರು ಗವ್ರಿಲೊ ಪ್ರಿನ್ಸಿಪ್, ವಯಸ್ಸು 19. ಊರು ಸರಾಯೆವೊ, ದಿನ ಜೂನ್ 28. ಆ ರಾಜಕುಮಾರ ಅಂದರೆ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್. ಅವತ್ತು ಬೆಳಗ್ಗೆಯೇ ಪ್ರಿನ್ಸಿಪ್‌ನ ಜೊತೆಗಾರನೊಬ್ಬ ಯುವರಾಜನ ಕಾರಿಗೆ ಬಾಂಬ್ ಎಸೆದಿದ್ದ. ಅದು ತಪ್ಪಿತು, ಹಿಂದಿನ ಕಾರಿನವರಿಗೆ ಗಾಯವಾಯಿತು. ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೋಗೋಣ ಎಂದು ದಾರಿ ಬದಲಿಸಿದರು. ಡ್ರೈವರ್‌ಗೆ ಮಾತ್ರ ಹೇಳಲಿಲ್ಲ! ಅವನು ಮೊದಲೇ ಪ್ರಕಟವಾಗಿದ್ದ ದಾರಿಗೆ ತಿರುಗಿಸಿದ. ಆ ದಾರಿ ಗೊತ್ತಿದ್ದರಿಂದಲೇ ಪ್ರಿನ್ಸಿಪ್ ಅಲ್ಲಿ ನಿಂತಿದ್ದ. ಪಕ್ಕದಲ್ಲಿ ತಿನಿಸಿನ ಅಂಗಡಿ ಇತ್ತು, ನಿಜ. ಸ್ಯಾಂಡ್‌ವಿಚ್ ಆಮೇಲೆ ಯಾರೋ ಸೇರಿಸಿದ್ದು."

ಚಿಕ್ಕಪ್ಪ: "ಅಂಗಡಿ ಇತ್ತು ಅಂತ ಒಪ್ಪಿಕೊಂಡೆಯಲ್ಲ, ಸಾಕು."

ಅಷ್ಟರಲ್ಲಿ ಜರ್ಮನಿಯಿಂದ ಅತ್ತೆಯ ಮಗ ಪ್ರದೀಪ ಎದ್ದ. "ಡ್ರೈವರ್‌ಗೆ ಹೇಳದೆ ದಾರಿ ಬದಲಿಸಿದ್ದು ಅಂದರೆ ನಮ್ಮ ಮದುವೆ ಬಸ್ಸು ನೆನಪಾಯಿತು. ಬಿಡದಿಯಲ್ಲಿ ಎಲ್ಲರೂ ಇಳಿದು ತಟ್ಟೆ ಇಡ್ಲಿ ತಿಂದೆವಲ್ಲ! ಆ ಬೆಣ್ಣೆ, ಆ ಚಟ್ನಿ..." ಇಡ್ಲಿ ಫೋಟೋಗಳು ಬಂದವು. ಆಮೇಲೆ, ಮುಹೂರ್ತ ತಪ್ಪುವ ಹಾಗೆ ಬಸ್ಸು ನಿಲ್ಲಿಸಿದ್ದು ಯಾರು ಎಂಬ ಚರ್ಚೆ.

ಮೇಘಾ ಬಿಡಲಿಲ್ಲ. "ಒಂದು ಗುಂಡಿಗೇ ಯುದ್ಧ ಆಗಲಿಲ್ಲ. ಜುಲೈ 5ಕ್ಕೆ ಜರ್ಮನಿಯ ಚಕ್ರವರ್ತಿ ಕೈಸರ್ 'ಏನೇ ಆದರೂ ನಿಮ್ಮ ಜೊತೆ ಇದ್ದೇವೆ' ಎಂದು ಆಸ್ಟ್ರಿಯಾಗೆ ಮಾತು ಕೊಟ್ಟ. ಕೊಲೆಯ ಹಿಂದೆ ಪಕ್ಕದ ಸೆರ್ಬಿಯಾ ಇದೆ ಎಂದು 23ಕ್ಕೆ ಆಸ್ಟ್ರಿಯಾ ಅದಕ್ಕೆ 48 ಗಂಟೆ ಗಡುವು ಹಾಕಿತು. 28ಕ್ಕೆ ಯುದ್ಧ ಸಾರಿತು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ. 4ಕ್ಕೆ ಬೆಲ್ಜಿಯಂ ಒಳಗೆ ನುಗ್ಗಿತು, ಬ್ರಿಟನ್ನೂ ಇಳಿಯಿತು. ನಿಲ್ಲಿಸಲು ಒಂದು ತಿಂಗಳ ಮೇಲೆ ಸಮಯವಿತ್ತು. ದೊಡ್ಡವರು ಯಾರೂ ನಿಲ್ಲಿಸಲಿಲ್ಲ."

ಅತ್ತೆ: "ದೊಡ್ಡವರು ನಿಲ್ಲಿಸಲಿಲ್ಲ ಅನ್ನುವುದು ಯಾರಿಗೆ ಹೇಳಿದ್ದು?"

ಗುಂಪು ತಣ್ಣಗಾಯಿತು. ತೋಟದ ಪಾಲಿನ ವಿಷಯ ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಅತ್ತೆಯೇ.

ದೊಡ್ಡಪ್ಪ ಮಾತು ತಿರುಗಿಸಿದರು. "ನಮ್ಮ ಮೈಸೂರು ಲ್ಯಾನ್ಸರ್ಸ್ ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ಕ್ಕೆ, ಈಗಿನ ಇಸ್ರೇಲ್‌ನ ಹೈಫಾ ಗೆದ್ದರು. ಕುದುರೆ, ಭರ್ಜಿ ಹಿಡಿದು ಮೆಷಿನ್ ಗನ್ ಎದುರಿಗೆ! ಅಂಥವರ ವಂಶ ನಮ್ಮದು."

ಮೇಘಾ: "ಅಪ್ಪ, ಜೋಧಪುರದವರೂ ಇದ್ದರು. ನಮ್ಮ ವಂಶದಲ್ಲಿ ಕುದುರೆ ಹತ್ತಿದ್ದು ಯಾರು?"

ಅತ್ತೆ: "ಅಜ್ಜ ಜಟಕಾದಲ್ಲಿ ಕೂತಿದ್ದರು."

ಮೇಘಾ ಇನ್ನೊಂದು ಸಾಲು ಹಾಕಿದಳು. ಭಾರತದಿಂದ ಆ ಯುದ್ಧಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಹೋದರು, ಸುಮಾರು 74,000 ಜನ ವಾಪಸ್ ಬರಲಿಲ್ಲ. ಇಷ್ಟೊಂದು ಮೆಸೇಜುಗಳಲ್ಲಿ ನಿಂತು ಓದಬೇಕಾಗಿದ್ದು ಇದೊಂದೇ ಅಂತ ನನಗನಿಸಿತು. ಅದಕ್ಕೆ ಬಿದ್ದಿದ್ದು ಒಂದು ಹೆಬ್ಬೆರಳು. ಜಟಕಾಗೆ ಹನ್ನೊಂದು ನಗು.

ಚಿಕ್ಕಪ್ಪ ಮಾತ್ರ ಅತ್ತೆಯ ಮಾತಿನಲ್ಲೇ ಸಿಕ್ಕಿಕೊಂಡಿದ್ದರು. "ಪಾಲುಪಟ್ಟಿಯಲ್ಲಿ ಜಗಳಕ್ಕೆಲ್ಲ ನಾನೇ ಕಾರಣ ಅಂತ ಬರೆಸಿದಿರಿ. ಸಹಿ ಹಾಕದೆ ಬೇರೆ ದಾರಿ ಇರಲಿಲ್ಲ."

ಪ್ರದೀಪನಿಗೆ ಇಡ್ಲಿ ಮರೆತುಹೋಯಿತು. "ಮಾವ, ಜರ್ಮನಿಗೂ ಹಾಗೇ ಮಾಡಿದ್ದು! ಯುದ್ಧ ಸೋತ ಮೇಲೆ 1919ರಲ್ಲಿ, ಅದೇ ಜೂನ್ 28ಕ್ಕೆ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿದರು. 231ನೇ ಕಲಮಿನಲ್ಲಿ ನಷ್ಟಕ್ಕೆಲ್ಲ ಜರ್ಮನಿ ಮತ್ತು ಅದರ ಜೊತೆಗಾರರೇ ಹೊಣೆ ಎಂದು ಬರೆದರು. 1921ಕ್ಕೆ ಪರಿಹಾರದ ಬಿಲ್ಲು ಬಂತು, 13,200 ಕೋಟಿ ಚಿನ್ನದ ಮಾರ್ಕ್. 1923ರ ನವೆಂಬರ್‌ನಲ್ಲಿ ಅಲ್ಲಿನ ದುಡ್ಡಿಗೆ ಬೆಲೆಯೇ ಇಲ್ಲದೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಕಾಗದದ ಮಾರ್ಕ್ ಆಗಿತ್ತು. ಆ ಪರಿಹಾರಕ್ಕೆಂದು ಎತ್ತಿದ ಸಾಲಪತ್ರಗಳ ಕೊನೆಯ ಕಂತು ಕಟ್ಟಿದ್ದು 2010ರ ಅಕ್ಟೋಬರ್ 3ಕ್ಕೆ."

ಚಿಕ್ಕಪ್ಪ ಇದನ್ನು ಮಾತ್ರ ಪೂರ್ತಿ ಓದಿದರು. "2010ರ ತನಕ ಕಟ್ಟಿದರಾ? ಹಾಗಾದರೆ ಹಳೇ ಬಾಕಿಗೆ ಅವಧಿ ಮೀರುವುದಿಲ್ಲ ಅಂತಾಯಿತು. ಅಣ್ಣ, ತೋಟದ ಬೋರ್‌ವೆಲ್‌ಗೆ ನಾನು ಹಾಕಿದ ದುಡ್ಡು?"

ದೊಡ್ಡಪ್ಪ ತುಂಬ ಹೊತ್ತು ಟೈಪ್ ಮಾಡಿದರು. ನಿಂತರು. ಮತ್ತೆ ಮಾಡಿದರು. ಕೊನೆಗೆ ಬಂದಿದ್ದು ಎರಡೇ ಪದ.

"ರಸೀದಿ ಇದೆಯಾ?"