ನಮ್ಮೂರ ಲೈಬ್ರರಿಯಲ್ಲಿ ಬರವಣಿಗೆ ಕಮ್ಮಟ ಮಾಡಬೇಕು, ಹೇಗೆ ಶುರು ಮಾಡಲಿ?

ಸೂಜಿದಾರ:
ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ, 8 ವರ್ಷದಿಂದ ಇಲ್ಲಿನ ಲೈಬ್ರರಿ ಸದಸ್ಯೆ. ಹೋದ ನವೆಂಬರ್‌ನ ಗ್ರಂಥಾಲಯ ಸಪ್ತಾಹಕ್ಕೆ ಒಬ್ಬ ಕಥೆಗಾರರನ್ನು ಕರೆಸಿದ್ದರು. 60 ಕುರ್ಚಿ ಹಾಕಿದ್ದರು, ಬಂದವರು 11 ಜನ. ಸ್ವಾಗತ, ದೀಪ, ಹಾರ, ಅಧ್ಯಕ್ಷರ ಮಾತು ಎಲ್ಲ ಮುಗಿಯುವಾಗ ಒಂದು ಗಂಟೆ ಕಳೆದಿತ್ತು. ಕಥೆಗಾರರಿಗೆ ಉಳಿದಿದ್ದು 20 ನಿಮಿಷ. ಅವರ ಪುಸ್ತಕವನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. 'ಪ್ರಶ್ನೆ ಇದೆಯಾ' ಅಂದಾಗ ಎಲ್ಲರೂ ನೆಲ ನೋಡಿದೆವು. ಪಾಪ, ಅವರು 4 ಗಂಟೆ ಬಸ್ಸಲ್ಲಿ ಕೂತು ಬಂದಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಗ್ರಂಥಪಾಲಕರು 'ನೀವೇ ಏನಾದರೂ ಮಾಡಿ ಅಮ್ಮ, ಭಾನುವಾರ ಹಾಲ್ ಕೊಡ್ತೀನಿ' ಅಂದಿದ್ದಾರೆ. ಅಂಗಡಿಗೆ ಬರುವ ಹೆಂಗಸರು ಬ್ಲೌಸ್ ಅಳತೆ ಕೊಡುತ್ತಾ ಎಂಥೆಂಥ ಕಥೆ ಹೇಳುತ್ತಾರೆ ಗೊತ್ತಾ! ಅವರಲ್ಲಿ ನಾಲ್ಕು ಜನರಾದರೂ ಕೂತು ಬರೆಯಬೇಕು ಅಂತ ನನ್ನಾಸೆ. ಭಾಷಣ ಬೇಡ. ಏನು ಮಾಡಲಿ?

ಅರಿವು ಕೇಂದ್ರದ ಅಕ್ಕ:
ನಾನು ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೂ ಒಬ್ಬ ಲೇಖಕರನ್ನು ಕರೆಸಿದ್ದೆವು. ಅವರು ಬರುವ ಒಂದು ತಿಂಗಳು ಮೊದಲೇ ಅವರ ಪುಸ್ತಕದ ಮೂರು ಪ್ರತಿ ತರಿಸಿ, ಬಾಗಿಲ ಹತ್ತಿರದ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಒಂದು ನೋಟ್‌ಬುಕ್. 'ಓದಿದವರು ಒಂದು ಪ್ರಶ್ನೆ ಬರೆಯಿರಿ' ಅಂತ ಚೀಟಿ ಅಂಟಿಸಿದೆ. ಆರನೇ ಕ್ಲಾಸಿನ ಹುಡುಗಿ ಬರೆದಿದ್ದಳು: 'ಆ ನಾಯಿ ಕೊನೆಗೆ ಮನೆಗೆ ಬಂತಾ?' ಲೇಖಕರು ಅರ್ಧ ಗಂಟೆ ಅದೊಂದಕ್ಕೇ ಉತ್ತರ ಕೊಟ್ಟರು. ವೇದಿಕೆ ಹಾಕಬೇಡಿ, ಕುರ್ಚಿ ಸುತ್ತ ಹಾಕಿ.

ಹಳೇ ಪೆನ್ನು:
ಕಮ್ಮಟಗಳನ್ನು ನಡೆಸಿದ ಅನುಭವದಿಂದ ಹೇಳುತ್ತಿದ್ದೇನೆ. 12 ಜನಕ್ಕಿಂತ ಜಾಸ್ತಿ ಸೇರಿಸಬೇಡಿ. 'ಕಥೆ ಬರೆಯಿರಿ' ಅಂತ ಮಾತ್ರ ಅನ್ನಬೇಡಿ, ಕೈ ನಿಂತೇ ಹೋಗುತ್ತದೆ. 'ಬೆಳಿಗ್ಗೆ ಎದ್ದಾಗ ನಿಮ್ಮ ಅಡುಗೆಮನೆಯಲ್ಲಿ ಮೊದಲು ಕೇಳುವ ಸದ್ದು ಯಾವುದು' ಅಂತ ಕೇಳಿ, 15 ನಿಮಿಷ ಕೊಡಿ. ಆಮೇಲೆ ಇಷ್ಟವಿದ್ದವರು ಓದಲಿ. ಕೇಳಿದವರು ಮೊದಲು ಹೇಳಬೇಕಾದ್ದು ಒಂದೇ, ಯಾವ ಸಾಲು ಮನಸ್ಸಲ್ಲಿ ಉಳಿಯಿತು ಅಂತ. ಕಾಗುಣಿತ ತಿದ್ದುವ ಮೇಷ್ಟ್ರು ಬಂದರೆ ದಯವಿಟ್ಟು ಆ ದಿನ ಸುಮ್ನೆ ಕೂರಲು ಹೇಳಿ. ನಾನೇ ಒಂದು ಸಲ ಒಬ್ಬ ಅಜ್ಜಿಯ ಒತ್ತಕ್ಷರ ತಿದ್ದಿದ್ದೆ. ಅವರು ಮುಂದಿನ ವಾರ ಬರಲೇ ಇಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಇನ್ನೊಂದು, ಲೇಖಕರನ್ನು ಕರೆದರೆ ಬಸ್ ಚಾರ್ಜ್ ಮೊದಲೇ ಮಾತಾಡಿ. ಶಾಲು ಇಲ್ಲದಿದ್ದರೂ ನಡೆಯುತ್ತದೆ.

ಮಲೆನಾಡಿನವ:
ಹಾಲ್ ಕೇಳೋಕೆ ಸಂಕೋಚ ಬೇಡ ಅಕ್ಕಾ. ಪಟ್ಟಣದಲ್ಲಿ ಆಸ್ತಿ ತೆರಿಗೆ ಕಟ್ಟುವಾಗ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಕೊಡ್ತೇವೆ. ಅದು ನಮ್ಮದೇ ಜಾಗ. ಆದರೆ ಬಾಯಿಮಾತಿಗೆ ಬಿಡಬೇಡಿ, ಒಂದು ಅರ್ಜಿ ಬರೆದುಕೊಡಿ. ನಾಳೆ ಗ್ರಂಥಪಾಲಕರಿಗೆ ವರ್ಗವಾದರೂ ಕಾಗದ ಉಳಿಯುತ್ತೆ. ಸಪ್ತಾಹ ನವೆಂಬರ್ 14ರಿಂದ 20, ಅಲ್ವಾ? ಅದಕ್ಕೆ ಕಾಯಬೇಡಿ.

ಸೂಜಿದಾರ:
ಅರ್ಜಿ ಕೊಟ್ಟು ಬಂದೆ. ಮುಂದಿನ ಭಾನುವಾರ 4 ಗಂಟೆಗೆ. ಅಡುಗೆಮನೆ ಸದ್ದನ್ನೇ ಕೇಳುತ್ತೇನೆ. ಐದು ಜನ ಒಪ್ಪಿದ್ದಾರೆ. ಹೂ ಮಾರುವ ಒಬ್ಬರು 'ನನ್ನ ಅಕ್ಷರ ಚೆನ್ನಾಗಿಲ್ಲ, ಪರವಾಗಿಲ್ವಾ' ಅಂತ ಎರಡು ಸಲ ಕೇಳಿದರು. ಪರವಾಗಿಲ್ಲ ಅಂದೆ. ಅಳತೆ ಬರೆಯುವ ಹಳೇ ಪುಸ್ತಕದಲ್ಲಿ ಖಾಲಿ ಹಾಳೆ ಬೇಕಾದಷ್ಟಿವೆ, ಅವನ್ನೇ ಕತ್ತರಿಸಿ ತಗೊಂಡು ಹೋಗುತ್ತೇನೆ.