ದೊಡ್ಡ ಹಲಸಿನ ದಿಮ್ಮಿ: ಹಳೇ ಸಾಮಿಲ್‌ನಲ್ಲಿ ಕೊಯ್ಸಬಹುದಾ?

ಚೇಳೂರು ತೋಟ:
ನಮ್ಮ ತೋಟದ ಹಳೇ ಹಲಸಿನ ಮರ ಗಾಳಿಗೆ ಬಿದ್ದಿದೆ. ಬುಡದ ದಿಮ್ಮಿ 9 ಅಡಿ ಉದ್ದ, ನಡುವಿನಲ್ಲಿ ಸುತ್ತಳತೆ 80 ಇಂಚು. ಹೊಸ ಮನೆಯ ವಾಸ್ಕಲ್, ಬಾಗಿಲು ಇದರಲ್ಲೇ ಆಗಬೇಕು ಅಂತ ಅಮ್ಮನ ಆಸೆ. ಹತ್ತಿರದ ಸಾಮಿಲ್‌ನಲ್ಲಿ ಇರುವುದು ದುಂಡು ಗರಗಸ. ಇಷ್ಟು ದಪ್ಪ ಆಗುವುದಿಲ್ಲ, ಚೈನ್ ಸಾ ಹಾಕಿ ಉದ್ದಕ್ಕೆ ಸೀಳಿಸಿಕೊಂಡು ಬನ್ನಿ ಅನ್ನುತ್ತಾರೆ. ಸೀಳಿಸಲಾ? ಅಳತೆ ಹೇಗೆ ಹಾಕುತ್ತಾರೆ?

ಮರಗೆಲಸ ತುಮಕೂರು:
ಸೀಳಿಸಬೇಡಿ ಅಣ್ಣ. ಚೈನ್ ಸಾ ಗೆರೆ ನೇರ ಬರುವುದಿಲ್ಲ, ಅದನ್ನು ಸರಿ ಮಾಡಲು ಮತ್ತೆ ಕೊಯ್ಯಬೇಕು, ಒಳ್ಳೇ ಮರ ಸುಮ್ನೆ ಹೊಟ್ಟಾಗುತ್ತದೆ. ದುಂಡು ಗರಗಸದ ನಡುವೆ ಅಚ್ಚು ಇರುವುದರಿಂದ 36 ಇಂಚಿನ ಬಿಲ್ಲೆಯೂ 18 ಇಂಚು ಆಳ ಇಳಿಯುವುದಿಲ್ಲ. ನಿಮ್ಮ ದಿಮ್ಮಿ ಅಡ್ಡಕ್ಕೆ 25 ಇಂಚು ದಾಟುತ್ತದೆ. ಬ್ಯಾಂಡ್ ಸಾ, ಅಂದರೆ ಎರಡು ಚಕ್ರದ ಮೇಲೆ ಓಡುವ ಪಟ್ಟಿ ಗರಗಸ ಇರುವ ಮಿಲ್ ಹುಡುಕಿ. ಹಳಿ ಮೇಲಿನ ಟ್ರಾಲಿಯನ್ನು ಆಳುಗಳೇ ನೂಕುವ ಹಳೇ ಮಿಲ್ ಆದರೂ ಚಿಂತೆಯಿಲ್ಲ, ಬ್ಲೇಡ್ ಹರಿತವಾಗಿದ್ದು ಬಿಗಿಯಾಗಿದ್ದರೆ ಹಲಗೆ ಚೆನ್ನಾಗಿಯೇ ಬರುತ್ತದೆ.

ಮುಖ್ಯವಾಗಿ ಮೊಳೆ ನೋಡಿ. ತೋಟದ ಮರಕ್ಕೆ ಯಾವ ಕಾಲದಲ್ಲೋ ಬೇಲಿ ತಂತಿ ಹೊಡೆದಿರುತ್ತಾರೆ, ಮರ ಅದನ್ನು ಒಳಗೆ ನುಂಗಿರುತ್ತದೆ. ಓಡುತ್ತಿರುವ ಬ್ಲೇಡ್ ತುಂಡಾದರೆ ಪಕ್ಕದಲ್ಲಿ ನಿಂತವರ ಜೀವಕ್ಕೇ ಅಪಾಯ. ಅನುಮಾನ ಇದ್ದರೂ ಮಿಲ್ಲಿನವರಿಗೆ ಹೇಳಿಬಿಡಿ.

ಶಿರಾ ಕಡೆಯವ:
ಅಳತೆ ಸುಲಭ. ಸುತ್ತಳತೆಯಲ್ಲಿ ಕಾಲು ಭಾಗ ಅಂದರೆ 20. 20ಕ್ಕೆ 20, ಅದಕ್ಕೆ 9 ಅಡಿ ಗುಣಿಸಿ 144ರಿಂದ ಭಾಗಿಸಿ, 25 ಸಿಎಫ್‌ಟಿ, ಅಂದರೆ ಘನ ಅಡಿ. ನಿಜವಾದ ಗಾತ್ರಕ್ಕಿಂತ ಇದು ಸುಮಾರು ಐದನೇ ಒಂದು ಭಾಗ ಕಡಿಮೆ. ಕೂಲಿ ದಿಮ್ಮಿ ಅಳತೆಗಾ, ಕೊಯ್ದ ಹಲಗೆ ಅಳತೆಗಾ ಅಂತ ಮೊದಲೇ ಮಾತಾಡಿಕೊಳ್ಳಿ. ಬಿದ್ದ ಮರ ಅಲ್ವಾ ಅಂತ ಹಾಗೇ ಲಾರಿಗೆ ಹೇರಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಸಾಗಣೆಗೆ ಏನು ಕಾಗದ ಬೇಕು ಅಂತ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿ.

ಚೇಳೂರು ತೋಟ:
ದಿಮ್ಮಿ ಒಂದು ವರ್ಷ ಒಣಗಲಿ, ಆಮೇಲೆ ಕೊಯ್ಸಿದರೆ ಬಿರುಕು ಬಿಡುವುದಿಲ್ಲ ಅಂತ ಊರಲ್ಲಿ ಹೇಳುತ್ತಿದ್ದಾರೆ. ಹೌದಾ?

ಮರಗೆಲಸ ತುಮಕೂರು:
ಇಲ್ಲ ಅಣ್ಣ, ಹಸಿಯಲ್ಲೇ ಕೊಯ್ಸಿ. ಇಡೀ ದಿಮ್ಮಿ ಬಿಸಿಲಿಗೆ ಬಿಟ್ಟರೆ ಹೊರಗಿನದು ಮೊದಲು ಒಣಗಿ ಕುಗ್ಗುತ್ತದೆ, ಒಳಗಿನದು ಹಸಿಯಾಗೇ ಇರುತ್ತದೆ, ಅದಕ್ಕೇ ಸೀಳುವುದು. ಇವತ್ತೇ ಎರಡೂ ತುದಿಗೆ ಪೇಂಟ್ ಬಳಿಯಿರಿ. ವಾಸ್ಕಲ್‌ಗೆ 5×3 ಇಂಚು ಬೇಕಿದ್ದರೆ ಎರಡೂ ಕಡೆ ಕಾಲು ಇಂಚು ಜಾಸ್ತಿ ಇಡಿಸಿ, ಒಣಗಿದ ಮೇಲೆ ಹತ್ರಿ ಹಿಡಿದು ನುಣುಪು ಮಾಡಿದಾಗ ಸರಿಹೋಗುತ್ತದೆ. ನಟ್ಟನಡುವಿನ ತಿರುಳು ಯಾವ ತುಂಡಿನಲ್ಲೂ ಉಳಿಯಬಾರದು. ಅಂಚಿನ ಬಿಳಿ ಭಾಗವೂ ಬೇಡ, ಹುಳು ಬೀಳುತ್ತದೆ. ಹಳದಿ ಚೇಗು, ಅಂದರೆ ಒಳಗಿನ ಗಟ್ಟಿ ಮರ ಮಾತ್ರ ವಾಸ್ಕಲ್‌ಗೆ. ಹಲಗೆಗಳ ನಡುವೆ ಇಂಚು ದಪ್ಪದ ಪಟ್ಟಿ ಕೊಟ್ಟು, ಮೇಲೆ ಭಾರ ಹೇರಿ, ಗಾಳಿಯಾಡುವ ನೆರಳಲ್ಲಿ ಜೋಡಿಸಿ. ಬಾಗಿಲ ಹಲಗೆ ಇಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಕೇಳುತ್ತದೆ, ಗೃಹಪ್ರವೇಶದ ದಿನ ಅದನ್ನು ನೋಡಿಕೊಂಡೇ ಇಡಿ.