ಅಪ್‌ಡೇಟ್: ಎಫ್‌ಟಿಪಿ ಲಾಗಿನ್ ಆದ ಮೇಲೆ ಫೋಲ್ಡರ್ ಪಟ್ಟಿಯೇ ಬಾರದ ಸಮಸ್ಯೆ ಬಗೆಹರಿಯಿತು

ಮೊದಲು ಕೇಳಿದ್ದು ಇಷ್ಟೇ: ಹುಬ್ಬಳ್ಳಿಯ ನಮ್ಮ ಮನೆ ಕಂಪ್ಯೂಟರಿನಲ್ಲಿ ಫೈಲ್‌ಜಿಲ್ಲಾ ಸರ್ವರ್ ಇದೆ, ಅಂದರೆ ಎಫ್‌ಟಿಪಿ (ನೆಟ್‌ವರ್ಕ್ ಮೂಲಕ ಫೈಲ್ ಕಳಿಸುವ, ಪಡೆಯುವ ವಿಧಾನ) ನಡೆಸುವ ಸಾಫ್ಟ್‌ವೇರ್. ಗದಗಿನಲ್ಲಿ ಕಾಕಾ ಅವರ ಪ್ರಿಂಟಿಂಗ್ ಪ್ರೆಸ್‌. ಅಲ್ಲಿಂದ ಲಾಗಿನ್ ಆಗುತ್ತದೆ, ಆದರೆ ಫೋಲ್ಡರ್ ಪಟ್ಟಿ ಬರುವಾಗ ಎಲ್ಲ ನಿಂತುಬಿಡುತ್ತದೆ. ಮನೆಯ ವೈಫೈ ಒಳಗೆ ಮಾತ್ರ ಸರಿಯಾಗಿ ನಡೆಯುತ್ತಿತ್ತು.

ಪ್ಯಾಸಿವ್ ಪೋರ್ಟ್ (ಪಟ್ಟಿ, ಫೈಲ್ ಸಾಗಲು ಸರ್ವರ್ ತೆರೆಯುವ ಬಾಗಿಲಿನ ನಂಬರ್) ನೋಡಿ ಅಂದವರ ಮಾತೇ ನಿಜವಾಯಿತು. ಅವರಿಗೆ ತುಂಬಾ ಥ್ಯಾಂಕ್ಸ್.

ಎಫ್‌ಟಿಪಿಗೆ ಒಂದು ಕನೆಕ್ಷನ್ ಸಾಲದು. ಲಾಗಿನ್ ಮತ್ತು ಆದೇಶಗಳು 21ನೇ ಪೋರ್ಟಿನಲ್ಲಿ ಹೋಗುತ್ತವೆ. ಪಟ್ಟಿ, ಫೈಲ್ ಎಲ್ಲ ಬೇರೆ ಪೋರ್ಟಿನಲ್ಲಿ. ಪ್ಯಾಸಿವ್ ಮೋಡ್‌ನಲ್ಲಿ 'ಈ ವಿಳಾಸದ ಈ ಪೋರ್ಟಿಗೆ ಬಾ' ಅಂತ ಸರ್ವರ್ರೇ ಹೇಳುತ್ತದೆ. ನಮ್ಮದು ಹೇಳುತ್ತಿದ್ದದ್ದು 192.168ರಿಂದ ಶುರುವಾಗುವ ಮನೆಯೊಳಗಿನ ವಿಳಾಸ. ಗದಗಿನಿಂದ ಅಲ್ಲಿಗೆ ಹೇಗೆ ಬರೋದು, ಅಲ್ವಾ? ಟಿಎಲ್‌ಎಸ್ (ಬೇರೆಯವರು ಓದದಂತೆ ಮಾಡುವ ಎನ್‌ಕ್ರಿಪ್ಶನ್) ಹಾಕಿರುವುದರಿಂದ ರೂಟರ್ ಕೂಡ ಮಧ್ಯದಲ್ಲಿ ಅದನ್ನು ಓದಿ ತಿದ್ದಲಾರದು.

ಪ್ಯಾಸಿವ್ ಪೋರ್ಟ್‌ಗಳನ್ನು 50000ದಿಂದ 50050ಕ್ಕೆ ಸೀಮಿತ ಮಾಡಿದೆವು. ಅಷ್ಟನ್ನೂ ರೂಟರಿನಲ್ಲಿ ಫಾರ್ವರ್ಡ್ ಮಾಡಿ (ಹೊರಗಿನಿಂದ ಬಂದದ್ದು ನೇರ ಈ ಕಂಪ್ಯೂಟರಿಗೆ ಹೋಗುವಂತೆ), ವಿಂಡೋಸ್ ಫೈರ್‌ವಾಲ್‌ನಲ್ಲೂ ತೆರೆದೆವು. ಸರ್ವರ್ ಸೆಟ್ಟಿಂಗ್‌ನಲ್ಲಿ ಹೊರಗಿನ ಐಪಿ (ಇಂಟರ್ನೆಟ್‌ನಲ್ಲಿ ಕಾಣುವ ನಮ್ಮ ವಿಳಾಸ) ಹಾಕಿದ ಮೇಲೆ ಪಟ್ಟಿ ತಟ್ಟನೆ ಬಂತು. ಲಗ್ನಪತ್ರಿಕೆಯ ದೊಡ್ಡ ಡಿಸೈನ್ ಫೈಲ್ ಕೂಡ ಪೂರ್ತಿ ಬಂತು. ಕಾಕಾಗೆ ಭಾಳ ಖುಷಿ.

ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ವಿಳಾಸ ಬದಲಾದರೆ ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ. ಹಾಗಾಗಿ ರೂಟರಿನಲ್ಲೇ ಅದಕ್ಕೊಂದು ಕಾಯಂ ವಿಳಾಸ ಕೊಡಿ.

ಹೊರಗಿನಿಂದ ಲಾಗಿನ್ ಕೂಡ ಆಗದವರು ಮೊದಲು ರೂಟರಿನ ವ್ಯಾನ್ ಐಪಿ (ಇಂಟರ್ನೆಟ್ ಕೊಡುವವರು ರೂಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ಅದು ಹಲವರು ಹಂಚಿಕೊಳ್ಳುವ ಸಂಪರ್ಕದ ಒಳಗಿನ ವಿಳಾಸ, ಹೊರಗಿನಿಂದ ಅಲ್ಲಿಗೆ ನೇರ ಬರಲಾಗದು; ಸುಮ್ನೆ ಪೋರ್ಟ್ ಫಾರ್ವರ್ಡ್ ಮಾಡುತ್ತಾ ಕೂರಬೇಡಿ. ಇಂಟರ್ನೆಟ್ ಕೊಡುವವರ ಹತ್ತಿರ ಪಬ್ಲಿಕ್ ಐಪಿ ಕೇಳಿ.